ಮಳೆ ಬರದ ರಾತ್ರಿಯೂ ಟೆಂಟ್ ಒಳಗೆ ನೀರು: ಕಾರಿನಲ್ಲಿ ಹೋಗಿ ಕ್ಯಾಂಪ್ ಮಾಡಲು ಏನು ಬೇಕು, ಏನು ಬೇಡ

ಪ್ರಶ್ನೆ: ನಾವು ಕುಶಾಲನಗರದವರು. ನಾನು, ನಮ್ಮ ಯಜಮಾನರು, 9 ಮತ್ತು 5 ವರ್ಷದ ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಇರುವುದು ಒಂದು ವ್ಯಾಗನ್ ಆರ್. ಹೋದ ಜನವರಿಯಲ್ಲಿ ಸ್ನೇಹಿತರ ಟೆಂಟ್ ತಂದು ಸೋಮವಾರಪೇಟೆ ಕಡೆಯ ಒಂದು ತೋಟದಲ್ಲಿ ಒಂದು ರಾತ್ರಿ ಮಲಗಿದ್ದೆವು. ಒಂದು ಹನಿ ಮಳೆ ಬರಲಿಲ್ಲ. ಆದರೂ ಬೆಳಿಗ್ಗೆ ಎದ್ದಾಗ ಹೊದಿಕೆ, ದಿಂಬು ಎಲ್ಲ ಒದ್ದೆ. ಚಳಿಗೆ ದೊಡ್ಡವರು ಯಾರೂ ನಿದ್ದೆ ಮಾಡಲಿಲ್ಲ. ಮಕ್ಕಳಿಗೆ ಮಾತ್ರ ಮತ್ತೆ ಹೋಗಲೇಬೇಕಂತೆ. ಈ ಸಲ ನಮ್ಮದೇ ಸಾಮಾನು ಕೊಳ್ಳೋಣ ಅಂದುಕೊಂಡಿದ್ದೇವೆ. ಯಜಮಾನರಿಗೆ ಕಾರಿನ ತಲೆ ಮೇಲೆ ಹಾಕುವ ಟೆಂಟ್, ಕಾರಿಗೆ ಸಿಕ್ಕಿಸುವ ಫ್ರಿಜ್ ಬೇಕು ಅಂತ ಆಸೆ. ನನಗೆ ಒಂದು ರಾತ್ರಿ ನೆಟ್ಟಗೆ ನಿದ್ದೆ ಬಂದರೆ ಸಾಕು. ಏನು ತಗೊಳ್ಳೋದು, ಏನು ಬಿಡೋದು? ಮಳೆಗಾಲದಲ್ಲೂ ಹೋಗಬಹುದಾ?

ಉತ್ತರ: ಮೊದಲು ಆ ಒದ್ದೆಯ ವಿಷಯ ಮುಗಿಸೋಣ. ಆ ನೀರು ನಿಮ್ಮದೇ. ಒಬ್ಬ ಮನುಷ್ಯ ರಾತ್ರಿ ಬೆಳಗಾಗುವುದರೊಳಗೆ ಉಸಿರು, ಬೆವರು ಸೇರಿ ಏನಿಲ್ಲವೆಂದರೂ ಒಂದು ಲೋಟ ನೀರನ್ನು ಗಾಳಿಗೆ ಬಿಡುತ್ತಾನೆ. ನೀವು ಐದು ಜನ. ಚಳಿ ಅಂತ ಕಿಟಕಿ, ಜಿಪ್ ಎಲ್ಲ ಮುಚ್ಚಿದ್ದಿರಿ, ಅಲ್ವಾ? ಎಲ್ಲರೂ ಅದನ್ನೇ ಮಾಡುತ್ತಾರೆ. ಹೊರಗೆ 10–12 ಡಿಗ್ರಿ ಚಳಿ, ಒಳಗೆ ಐದು ಜನರ ಬೆಚ್ಚನೆ ಉಸಿರು, ನಡುವೆ ಒಂದು ತೆಳು ಬಟ್ಟೆ. ಕಡಂಬುಟ್ಟು (ಅಕ್ಕಿ ಉಂಡೆ) ಆವಿಯಲ್ಲಿ ಬೇಯಿಸುವ ಪಾತ್ರೆಯ ಮುಚ್ಚಳ ತೆಗೆದರೆ ಒಳಮೈಯಲ್ಲಿ ನೀರು ಕೂತಿರುತ್ತದಲ್ಲ, ಅದೇ ಲೆಕ್ಕ. ಬೆಳಗಿನ ಜಾವ ಯಾರೋ ಮಗ್ಗುಲು ಬದಲಿಸಿ ಬಟ್ಟೆಗೆ ಕೈ ತಾಗಿಸುತ್ತಾರೆ, ಅಷ್ಟೂ ನೀರು ಹೊದಿಕೆ ಮೇಲೆ ಉದುರುತ್ತದೆ.

ಮಾದಾಪುರದ ಕಡೆ ಒಂದು ಕಾಫಿ ತೋಟದಲ್ಲಿ, ಗಾಡಿಯಲ್ಲಿ ಬಂದು ಟೆಂಟ್ ಹಾಕುವವರಿಗೆ ಜಾಗ ತೋರಿಸಿ, ಗೂಟ ಹೊಡೆದು ಕೊಡುವ ಕೆಲಸ ನನ್ನದು. 12 ವರ್ಷ ಆಯಿತು. ಬೆಳಿಗ್ಗೆ ಕೆಂಪು ಕಣ್ಣು ಮಾಡಿಕೊಂಡು ಕಾಫಿ ಕೇಳಲು ಬಂದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಅವರಲ್ಲಿ ಬರೀ ಚಳಿಗೆ ಸೋತವರು ತೀರಾ ಕಡಿಮೆ. ಒದ್ದೆಯಾಗಿ, ಆಮೇಲೆ ಚಳಿಗೆ ಸಿಕ್ಕಿದವರೇ ಜಾಸ್ತಿ. ಅದಕ್ಕೇ ನಾನು ಯಾವ ಸಾಮಾನು ನೋಡಿದರೂ ಒಂದೇ ಪ್ರಶ್ನೆ ಕೇಳುವುದು: ಇದು ನನ್ನನ್ನು ಒಣಗಿದ ಹಾಗೆ ಇಡುತ್ತದಾ? ನೀರು ಮೇಲಿಂದ ಬರಬಹುದು, ನೆಲದಿಂದ ಬರಬಹುದು, ನಿಮ್ಮ ಮೂಗಿನಿಂದಲೂ ಬರಬಹುದು. ಮೂರಕ್ಕೂ ಏರ್ಪಾಡು ಆದಮೇಲೆ ಉಳಿದ ದುಡ್ಡಲ್ಲಿ ಫ್ರಿಜ್ ಮಾತಾಡೋಣ.

ಟೆಂಟ್ ಕೊಳ್ಳುವಾಗ ಎರಡು ಪದರದ್ದೇ ಕೊಳ್ಳಿ. ಒಳಗೆ ಉಸಿರಾಡುವ ಬಟ್ಟೆ ಅಥವಾ ಸೊಳ್ಳೆ ಬಲೆ, ಅದರ ಮೇಲೆ ಒಂದು ಗೇಣು ಜಾಗ ಬಿಟ್ಟು ನೀರು ತಡೆಯುವ ಹೊರ ಹೊದಿಕೆ. ನಿಮ್ಮ ಉಸಿರು ಒಳಪದರ ದಾಟಿ ಹೋಗಿ ಹೊರಗಿನದಕ್ಕೆ ಅಂಟುತ್ತದೆ, ಅಲ್ಲಿಂದ ಅಂಚಿಗೆ ಜಾರಿ ನೆಲಕ್ಕೆ ಇಳಿಯುತ್ತದೆ. ನಿಮಗೆ ತಾಗುವುದಿಲ್ಲ. ಒಂದೇ ಪದರದ ಅಗ್ಗದ ಟೆಂಟ್‌ನಲ್ಲಿ ಈ ಏರ್ಪಾಡೇ ಇಲ್ಲ. ಸ್ನೇಹಿತರು ಕೊಟ್ಟದ್ದು ಬಹುಶಃ ಅಂಥದ್ದೇ. ಎರಡು ಪದರದ್ದಾದರೂ ಹೊರ ಹೊದಿಕೆಯನ್ನು ಹಗ್ಗ ಕಟ್ಟಿ ಬಿಗಿಯಾಗಿ ಎಳೆದಿರಬೇಕು. ಜೋತುಬಿದ್ದು ಒಳಪದರಕ್ಕೆ ತಾಗಿತೋ, ಎರಡು ಪದರ ಇದ್ದೂ ಇಲ್ಲದ ಹಾಗೆ. ನೈಲಾನ್ ಬಟ್ಟೆ ಒದ್ದೆಯಾದರೆ ಹಿಗ್ಗಿ ಜೋಲುತ್ತದೆ. ಪಾಲಿಯೆಸ್ಟರ್ ಅಷ್ಟು ಜೋಲುವುದಿಲ್ಲ. ಹಾಗಾಗಿ ನಮ್ಮ ಕಡೆಗೆ ಪಾಲಿಯೆಸ್ಟರ್ ವಾಸಿ. ಸ್ವಲ್ಪ ತೂಕ ಜಾಸ್ತಿ ಆದರೇನು, ಹೊರುವುದು ಕಾರು ತಾನೇ.

ಚೀಲದ ಮೇಲೆ 1,500 ಮಿಮೀ, 3,000 ಮಿಮೀ ಅಂತ ಬರೆದಿರುತ್ತಾರೆ. ಬಟ್ಟೆಯ ಮೇಲೆ ಅಷ್ಟು ಎತ್ತರಕ್ಕೆ ನೀರು ನಿಲ್ಲಿಸಿದರೂ ಒಸರುವುದಿಲ್ಲ ಅಂತ ಅರ್ಥ. ಚಾವಣಿಗೆ 2,000 ಇದ್ದರೆ ಡಿಸೆಂಬರ್‌ಗೆ ಧಾರಾಳ. ನೆಲಕ್ಕೆ ಮಾತ್ರ 3,000ಕ್ಕೆ ಕಡಿಮೆ ಬೇಡ. ನೀವು ಮಂಡಿ ಊರಿದಾಗ ಆ ಬಟ್ಟೆಯ ಮೇಲೆ ಬೀಳುವ ಒತ್ತಡ ಮಳೆಗಿಂತ ಎಷ್ಟೋ ಹೆಚ್ಚು. ಹೊಲಿಗೆಯ ಮೇಲೆ ಟೇಪ್ ಅಂಟಿಸಿದ್ದಾರಾ ಅಂತ ಬೆರಳಾಡಿಸಿ ನೋಡಿ. ಸೋರುವುದು ಹೆಚ್ಚಾಗಿ ಹೊಲಿಗೆಯಿಂದಲೇ. ಇನ್ನು 'ನಾಲ್ಕು ಜನರ ಟೆಂಟ್' ಅಂದರೆ ನಾಲ್ಕು ಜನ ಮಗ್ಗುಲು ಬದಲಿಸದೆ ಮಲಗುವ ಟೆಂಟ್ ಅಂತ ತಿಳಿಯಿರಿ. ನೀವು ಆರು ಜನರದ್ದು ನೋಡಿ.

ನೀವು ಕೇಳಿಲ್ಲ, ಆದರೂ ನಾನು ಟೆಂಟ್‌ಗಿಂತ ಮೊದಲು ಹೇಳಬೇಕಿದ್ದ ಸಾಮಾನು ಟಾರ್ಪಾಲ್. ಅದು ನಿಮ್ಮ ಊರಲ್ಲೇ ಇದೆ. ಕಾಫಿ ಒಣಗಿಸಲು, ಕಣದಲ್ಲಿ ರಾತ್ರಿ ಮುಚ್ಚಲು ನಾವು ಸಿಲ್ಪಾಲಿನ್ ಹಾಳೆ ಬಳಸುತ್ತೇವಲ್ಲ, ಅದೇ. ಕುಶಾಲನಗರ, ಸುಂಟಿಕೊಪ್ಪದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. 'ಜಿಎಸ್‌ಎಂ' ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ. 18 ಅಡಿ ಉದ್ದ, 12 ಅಡಿ ಅಗಲದ ಹಾಳೆ ಸುಮಾರು 20 ಚದರ ಮೀಟರ್. 120 ಜಿಎಸ್‌ಎಂ ತಗೊಂಡರೆ ಎರಡೂವರೆ ಕೆಜಿಯೂ ಬರುವುದಿಲ್ಲ. 200ರದ್ದು ತಗೊಂಡರೆ ನಾಲ್ಕು ಕೆಜಿ, ಮಡಚಲೂ ಕಷ್ಟ. ನಿಮಗೆ 120 ಸಾಕು.

ಎರಡು ಮರಗಳ ನಡುವೆ ಹಗ್ಗ ಕಟ್ಟಿ, ಅದರ ಮೇಲೆ ಹಾಳೆ ಇಳಿಬಿಟ್ಟು, ನಾಲ್ಕು ಮೂಲೆ ಎಳೆದು ಕಟ್ಟಿ. ಟೆಂಟ್ ಅದರ ಕೆಳಗೆ ಇರಲಿ. ಟೆಂಟ್‌ನ ತಲೆಗೂ ಹಾಳೆಗೂ ಒಂದೆರಡು ಅಡಿ ಗಾಳಿ ಆಡುವಷ್ಟು ಜಾಗ ಬಿಡಿ. ಮಳೆ ಇಲ್ಲದಿದ್ದರೂ ಇದನ್ನು ಕಟ್ಟಬೇಕು. ಯಾಕೆ ಗೊತ್ತಾ? ಮೋಡ ಇಲ್ಲದ ಚಳಿಗಾಲದ ರಾತ್ರಿ, ಬಯಲಲ್ಲಿ ನಿಂತ ವಸ್ತು ತನ್ನ ಬಿಸಿಯನ್ನು ನೇರ ಆಕಾಶಕ್ಕೆ ಬಿಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬಯಲಲ್ಲಿ ನಿಲ್ಲಿಸಿದ ಕಾರಿನ ಗಾಜು ಬೆಳಿಗ್ಗೆ ತೊಯ್ದಿರುತ್ತದೆ, ಶೆಡ್ಡಿನ ಕೆಳಗೆ ನಿಲ್ಲಿಸಿದ್ದು ಒಣಗಿರುತ್ತದೆ, ನೋಡಿದ್ದೀರಲ್ಲ. ಟಾರ್ಪಾಲ್ ಟೆಂಟ್‌ಗೆ ಶೆಡ್ ಇದ್ದ ಹಾಗೆ. ಟೆಂಟ್ ಅಷ್ಟು ತಣ್ಣಗಾಗುವುದಿಲ್ಲ, ಒಳಗೆ ನೀರೂ ಅಷ್ಟು ಕೂರುವುದಿಲ್ಲ. ಹೊರಗಿನ ಮಂಜು ಬೀಳುವುದೂ ಹಾಳೆಯ ಮೇಲೆ. ಜೊತೆಗೆ, ಮಲಗುವಾಗ ಟೆಂಟ್‌ನ ಕಿಟಕಿಗಳನ್ನು ಎದುರುಬದುರಾಗಿ ಎರಡು ಕಡೆ ಒಂದೊಂದು ಗೇಣು ತೆರೆದಿಡಿ. ಚಳಿ ಆಗುತ್ತದೆ ಅಂತ ಅನಿಸುತ್ತದೆ. ಆಗಲಿ. ಒಣ ಚಳಿಗೆ ಇನ್ನೊಂದು ಕಂಬಳಿ ಹೊದೆಯಬಹುದು, ಒದ್ದೆ ಕಂಬಳಿಗೆ ಏನು ಮಾಡುತ್ತೀರಿ?

ಟೆಂಟ್ ಕೆಳಗೆ ಹಾಸಲು ಇನ್ನೊಂದು ಸಣ್ಣ ಹಾಳೆ ಬೇಕು. ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಟೆಂಟ್‌ಗಿಂತ ದೊಡ್ಡ ಹಾಳೆ ಹಾಸಿ, ಸುತ್ತ ಒಂದು ಅಡಿ ಜಗುಲಿ ಥರ ಬಿಡುತ್ತಾರೆ, ಚಪ್ಪಲಿ ಬಿಡಲು. ಮಳೆ ಬಿದ್ದರೆ ಆ ಜಗುಲಿ ಮೇಲಿನ ನೀರೆಲ್ಲ ಹಾಳೆ ಮೇಲೆ ಹರಿದು ಟೆಂಟ್‌ನ ಅಡಿಗೇ ಬರುತ್ತದೆ. ಹಾಳೆ ಟೆಂಟ್‌ಗಿಂತ ನಾಲ್ಕು ಬೆರಳು ಒಳಗೇ ಇರಬೇಕು. ದೊಡ್ಡದಾದರೆ ಅಡಿಗೆ ಮಡಚಿ.

ಜಾಗದ ಬಗ್ಗೆ ಎರಡು ಮಾತು. ಗದ್ದೆ ಬದಿ, ಹೊಳೆ ಬದಿ ಚಂದ ಕಾಣುತ್ತದೆ. ಆದರೆ ತಣ್ಣನೆ ಗಾಳಿ ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತದೆ, ಮಂಜೂ ಅಲ್ಲೇ. ಇಪ್ಪತ್ತು ಅಡಿ ಮೇಲೆ ಏರಿದರೆ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಮರದ ನೆರಳು ಮಂಜಿಗೆ ಒಳ್ಳೆಯದು, ಆದರೆ ಸಿಲ್ವರ್ ಓಕ್ ಮರದ ಕೆಳಗೆ ಬೇಡ. ಅದರ ಕೊಂಬೆ ಗಾಳಿಗೆ ಲಟಕ್ಕನೆ ಮುರಿಯುತ್ತದೆ. ಕೆಲವರು ಕಣದಲ್ಲಿ ಟೆಂಟ್ ಹಾಕುತ್ತೇವೆ ಅಂತ ಕೇಳುತ್ತಾರೆ. ಸಿಮೆಂಟ್ ನೆಲ, ಸಮತಟ್ಟು, ಕೆಸರಿಲ್ಲ. ಒಳ್ಳೆ ಜಾಗವೇ. ಆದರೆ ಡಿಸೆಂಬರ್, ಜನವರಿಯಲ್ಲಿ ಕಣದ ತುಂಬ ಕಾಫಿ ಇರುತ್ತದೆ. ಕುಯ್ಲು ಮುಗಿದ ಮೇಲೆ ಮಾರ್ಚ್‌ನಲ್ಲಿ ಬನ್ನಿ, ಖುಷಿಯಿಂದ ಕೊಡುತ್ತೇವೆ. ಅಲ್ಲಿ ಗೂಟ ಇಳಿಯುವುದಿಲ್ಲ. ಗೋಣಿಚೀಲಕ್ಕೆ ಅರ್ಧ ಮಣ್ಣು ತುಂಬಿ ಹಗ್ಗ ಕಟ್ಟುವುದು.

ಗೂಟ ಅಂದಾಗ ನೆನಪಾಯಿತು. ಟೆಂಟ್ ಜೊತೆ ಬರುವ ತೆಳು ಗೂಟಗಳು ಜನವರಿಯ ಗಟ್ಟಿ ಮಣ್ಣಿಗೆ ಬಾಗುತ್ತವೆ, ಹಸಿ ಮಣ್ಣಿನಲ್ಲಿ ಕಿತ್ತು ಬರುತ್ತವೆ. ವೆಲ್ಡಿಂಗ್ ಅಂಗಡಿಯಲ್ಲಿ 8 ಮಿಮೀ ಕಬ್ಬಿಣದ ಸರಳನ್ನು ಒಂದಡಿಗೆ ಕತ್ತರಿಸಿ, ತುದಿ ಬಗ್ಗಿಸಿ, 12 ಗೂಟ ಮಾಡಿಸಿಕೊಳ್ಳಿ. ನಿಮ್ಮ ಮಕ್ಕಳ ಕಾಲದವರೆಗೂ ಬರುತ್ತವೆ.

ಈಗ ಹಾಸಿಗೆ. ದುಡ್ಡು ಉಳಿಸಲು ಹೋಗಿ ಜನ ಕೈ ಸುಟ್ಟುಕೊಳ್ಳುವುದು ಇಲ್ಲಿ. ರಾತ್ರಿಯಿಡೀ ನಿಮ್ಮ ಮೈಯ ಬಿಸಿಯನ್ನು ಹೀರುವುದು ಗಾಳಿಗಿಂತ ನೆಲವೇ. ಮೇಲೆ ಮೂರು ಕಂಬಳಿ ಹೊದ್ದು ಕೆಳಗೆ ಬರೀ ಚಾಪೆ ಹಾಸಿದರೆ ಬೆನ್ನು ಮರಗಟ್ಟುತ್ತದೆ. ಗಾಳಿ ತುಂಬುವ ದೊಡ್ಡ ಹಾಸಿಗೆ ಮೆತ್ತಗಿರುತ್ತದೆ ನಿಜ, ಆದರೆ ಒಳಗಿನ ಗಾಳಿ ಅಲ್ಲಾಡುತ್ತಾ ತಣ್ಣಗಾಗುತ್ತಲೇ ಇರುತ್ತದೆ. ಒಬ್ಬರು ಹೊರಳಿದರೆ ಇನ್ನೊಬ್ಬರು ಏಳುತ್ತಾರೆ. ಒಂದು ಕಾಫಿ ಕಡ್ಡಿ ಚುಚ್ಚಿದರೆ ಕತೆ ಮುಗಿಯಿತು. ಮನೆಯ ಹತ್ತಿ ಹಾಸಿಗೆಯನ್ನು ತರಲೇಬೇಡಿ. ಅದು ನೆಲದ ತೇವವನ್ನೆಲ್ಲ ಕುಡಿದು ಮೂಟೆ ಆಗುತ್ತದೆ.

ನನ್ನ ಆಯ್ಕೆ ಫೋಮ್. ಅಂಗನವಾಡಿ, ಜಿಮ್‌ಗಳಲ್ಲಿ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುವ ಚೌಕದ ಮ್ಯಾಟ್ ಇರುತ್ತದಲ್ಲ, ಅದನ್ನು 12 ಮಿಮೀ ದಪ್ಪದ್ದು ತಂದು ಟೆಂಟ್ ನೆಲದ ತುಂಬ ಹಾಸಿ. ನೀರು ಕುಡಿಯುವುದಿಲ್ಲ, ಒರೆಸಿದರೆ ಒಣಗುತ್ತದೆ, ಕಾರಿನಲ್ಲಿ ಎಲ್ಲರ ಕಾಲ ಕೆಳಗೆ ಹಾಸಿಕೊಂಡೇ ತರಬಹುದು. ಅದರ ಮೇಲೆ ದೊಡ್ಡವರಿಗೆ ಒಂದೊಂದು ತಾನೇ ಉಬ್ಬುವ ತೆಳು ಮ್ಯಾಟ್. ಅದರ ಮೇಲೆ 'ಆರ್ ವ್ಯಾಲ್ಯೂ' ಅಂತ ಒಂದು ಸಂಖ್ಯೆ ಇರುತ್ತದೆ, ನೆಲದ ಚಳಿ ತಡೆಯುವ ಶಕ್ತಿಯ ಅಳತೆ. 2 ದಾಟಿದರೆ ನಮ್ಮ ಕಡೆಗೆ ಸಾಕು.

ಸ್ಲೀಪಿಂಗ್ ಬ್ಯಾಗ್ ಮೇಲೆ ಎಷ್ಟು ಚಳಿಗೆ ಆಗುತ್ತದೆ ಅಂತ ಡಿಗ್ರಿ ಲೆಕ್ಕದಲ್ಲಿ ಎರಡು ಬೇರೆ ಬೇರೆ ಅಂಕಿ ಬರೆದಿರುತ್ತಾರೆ. ದೊಡ್ಡ ಅಕ್ಷರದಲ್ಲಿ ಕಂಡದ್ದನ್ನು ನಂಬಬೇಡಿ. 'ಕಂಫರ್ಟ್' ಅಂತ ಇರುವುದು ನಿದ್ದೆ ಬರುವ ಚಳಿ, 'ಲಿಮಿಟ್' ಅನ್ನುವುದು ಮುದುರಿಕೊಂಡು ಸಹಿಸಿಕೊಳ್ಳುವ ಚಳಿ. ಮಡಿಕೇರಿ ಎತ್ತರದ ಜಾಗಗಳಿಗೆ ಕಂಫರ್ಟ್ 5ರಿಂದ 10 ಡಿಗ್ರಿಯೊಳಗೆ ಇರುವುದು ಸಾಕು. ಹಕ್ಕಿ ಪುಕ್ಕ ತುಂಬಿದ ದುಬಾರಿ ಬ್ಯಾಗ್ ಬೇಡ. ಒಣ ಹಿಮಾಲಯಕ್ಕೆ ಅದು ರಾಜ. ಇಲ್ಲಿ ಒಂದು ಸಲ ತೇವ ಹಿಡಿದರೆ ಪುಕ್ಕ ಗಂಟುಕಟ್ಟಿ ಬಿಸಿ ಹಿಡಿಯುವುದಿಲ್ಲ. ಸಿಂಥೆಟಿಕ್ ತುಂಬಿದ್ದು ತಗೊಳ್ಳಿ. ಅಥವಾ ಮನೆಯಲ್ಲಿ ಹಳೇ ಉಣ್ಣೆ ಕಂಬಳಿ ಇದ್ದರೆ ಅದನ್ನೇ ತನ್ನಿ. ಉಣ್ಣೆ ಸ್ವಲ್ಪ ತೇವ ಆದರೂ ಬೆಚ್ಚಗೇ ಇರುತ್ತದೆ. ಈ ಗುಣ ಬೇರೆ ಬಟ್ಟೆಗಳಲ್ಲಿ ಕಡಿಮೆ. ಚುಚ್ಚುತ್ತದೆ ಅಂತ ಮಕ್ಕಳು ಗೊಣಗುತ್ತಾರೆ, ಒಳಗೆ ಒಂದು ಬೆಡ್‌ಶೀಟ್ ಹಾಕಿ.

ಮಲಗುವ ಮುಂಚೆ ಎಲ್ಲರೂ ಬಟ್ಟೆ ಬದಲಿಸಲೇಬೇಕು. ಹಗಲು ಹಾಕಿ ಬೆವರಿಗೆ ತೇವವಾದ ಸಾಕ್ಸ್‌ನಲ್ಲೇ ಮಲಗುವವರು ಚಳಿ ತಡೆಯದೆ ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸುತ್ತಾರೆ.

ಇನ್ನು ಯಜಮಾನರ ಆಸೆಗೆ ಬರೋಣ. ಅವರು ಬೇಜಾರು ಮಾಡಿಕೊಳ್ಳಬಾರದು. ಕಾರಿನ ತಲೆ ಮೇಲಿನ ಟೆಂಟ್ ಸಾಮಾನ್ಯವಾಗಿ 50ರಿಂದ 70 ಕೆಜಿ. ಅದನ್ನು ಕೂರಿಸುವ ಕ್ಯಾರಿಯರ್ ತೂಕ ಬೇರೆ. ಸಣ್ಣ ಕಾರಿನ ಚಾವಣಿ ಓಡುವಾಗ ಎಷ್ಟು ಹೊರಬಹುದು ಅಂತ ಕಾರಿನ ಪುಸ್ತಕದಲ್ಲೇ ಬರೆದಿರುತ್ತದೆ. ಅಂಗಡಿಯವರನ್ನು ಕೇಳುವ ಮುಂಚೆ ಆ ಪುಟ ಓದಿ. ವ್ಯಾಗನ್ ಆರ್ ಮೊದಲೇ ಎತ್ತರದ, ಅಗಲ ಕಡಿಮೆಯ ಗಾಡಿ. ತಲೆ ಮೇಲೆ ಅಷ್ಟು ಭಾರ ಹೊತ್ತು ಸಂಪಾಜೆ ಘಾಟಿಯ ತಿರುವು ಇಳಿಯುವುದನ್ನು ನೆನೆದರೇ ನನಗೆ ಬೆವರು ಬರುತ್ತದೆ. ಅದೂ ಹೋಗಲಿ, ಅದರಲ್ಲಿ ಮಲಗುವುದು ಇಬ್ಬರು, ಕಷ್ಟಪಟ್ಟರೆ ಮೂವರು. ನಡುರಾತ್ರಿ 5 ವರ್ಷದ ಮಗುವಿಗೆ ಒಂದಕ್ಕೆ ಬಂದರೆ ಏಣಿ ಇಳಿಸಬೇಕು. ಬೆಳಿಗ್ಗೆ ಹಾಲು ತರಲು ಕಾರು ತೆಗೆಯಬೇಕಂದರೆ ಇಡೀ ಮನೆಯನ್ನೇ ಮಡಚಬೇಕು. ಗಂಡ ಹೆಂಡತಿ ಇಬ್ಬರೇ, ದೊಡ್ಡ ಜೀಪು, ದಿನಾ ಹೊಸ ಊರು ಅನ್ನುವವರಿಗೆ ಅದು ಒಳ್ಳೆ ಸಾಮಾನು. ನಿಮಗಲ್ಲ.

ಮೇಲೆ ಮಲಗಿದರೆ ಆನೆ ಭಯ ಇಲ್ಲ ಅಂತ ಒಬ್ಬರು ನನಗೆ ವಾದ ಮಾಡಿದ್ದರು. ದೊಡ್ಡ ಗಂಡಾನೆಯ ಹೆಗಲೇ ಒಂಬತ್ತು ಅಡಿ ಹತ್ತಿರ ಇರುತ್ತದೆ, ಅದರ ಮೇಲೆ ಸೊಂಡಿಲು. ಕಾರಿನ ಚಾವಣಿ ಅದಕ್ಕೆ ಊಟದ ಮೇಜಿನ ಎತ್ತರ. ಆನೆಯಿಂದ ಕಾಪಾಡುವ ಸಾಮಾನು ಯಾವ ಅಂಗಡಿಯಲ್ಲೂ ಇಲ್ಲ. ಸಿದ್ದಾಪುರ, ಪಾಲಿಬೆಟ್ಟದ ಕಡೆಯ ತೋಟಗಳಲ್ಲಿ ಆನೆ ಕಾಡಿಂದ ಬಂದು ಹೋಗುವುದಲ್ಲ, ತೋಟದಲ್ಲೇ ಇರುತ್ತದೆ. ಅಂಥ ಕಡೆ ಟೆಂಟ್ ಬೇಡ, ರೂಮು ಹಿಡಿಯಿರಿ. ಬೇರೆ ಕಡೆಯಾದರೂ ತೋಟದ ಲೆಕ್ಕ ಬರೆಯುವ ರೈಟರನ್ನೋ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲು ಮನೆಗಳಲ್ಲಿ, ಇರುವವರನ್ನೋ 'ಈ ವಾರ ಆನೆ ಬಂದಿತ್ತಾ' ಅಂತ ಕೇಳಿ. ಅವರು ಹೇಳಿದ್ದೇ ಕೊನೆಯ ಮಾತು. ಅಕ್ಕಿ, ಉಪ್ಪು, ಹಣ್ಣು ಮಲಗುವ ಟೆಂಟ್‌ನಲ್ಲಿ ಇಡಬೇಡಿ. ಕಾರನ್ನು ದಾರಿಗೆ ಮುಖ ಮಾಡಿ ನಿಲ್ಲಿಸಿ, ಕೀಲಿ ಕೈ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿರಲಿ. ಕಾಡಿನೊಳಗೆ, ಅಂದರೆ ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅರಣ್ಯದಲ್ಲಿ ನಿಮ್ಮಷ್ಟಕ್ಕೆ ಟೆಂಟ್ ಹಾಕುವ ಯೋಚನೆಯೇ ಬೇಡ. ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು.

ಫ್ರಿಜ್ ಲೆಕ್ಕ ಸುಲಭ. ಕಾರಿಗೆ ಸಿಕ್ಕಿಸುವ ಒಂದು ಸಣ್ಣ ಕಂಪ್ರೆಸರ್ ಫ್ರಿಜ್ 45 ವಾಟ್ ಅಂದುಕೊಳ್ಳಿ. 12 ವೋಲ್ಟ್‌ಗೆ ಅದು ಪೌಣೆ ನಾಲ್ಕು ಆಂಪಿಯರ್. ರಾತ್ರಿ 12 ಗಂಟೆಯಲ್ಲಿ ಅರ್ಧ ಹೊತ್ತು ಓಡಿದರೂ 22 ಆಂಪಿಯರ್-ಅವರ್ ಖಾಲಿ. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35ರ ಆಸುಪಾಸು. ಆ ಬ್ಯಾಟರಿ ಇರುವುದು ಇಂಜಿನ್‌ಗೆ ಒಂದು ಸಲ ಜೋರಾಗಿ ಒದೆ ಕೊಡಲು. ಅಷ್ಟು ಹಿಂಡಿದರೆ ಬೆಳಿಗ್ಗೆ ಸ್ಟಾರ್ಟ್ ಆಗದೆ ನಮ್ಮ ಟ್ರ್ಯಾಕ್ಟರ್ ಕರೆಯುತ್ತೀರಿ. ಒಂದೆರಡು ರಾತ್ರಿಗೆ ಎರಡು ಲೀಟರ್ ಬಾಟಲಿಯಲ್ಲಿ ನೀರು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟು, ಮನೆಯ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಐಸ್ ಪೆಟ್ಟಿಗೆಯಲ್ಲಿ ಇಡಿ. ಪುಡಿ ಐಸ್‌ಗಿಂತ ದೊಡ್ಡ ಗಡ್ಡೆ ನಿಧಾನ ಕರಗುತ್ತದೆ, ಕರಗಿದ ನೀರು ಕುಡಿಯಲೂ ಆಯಿತು. ಪಂದಿಕರಿ ತರುವುದಾದರೆ ಮನೆಯಲ್ಲೇ ಬೇಯಿಸಿ, ಗಟ್ಟಿ ಮಾಡಿ, ಅದನ್ನೂ ಬಾಟಲಿಗಳ ನಡುವೆ ಇಟ್ಟುಬಿಡಿ. ಹಸಿ ಮಾಂಸ ತರಬೇಡಿ.

ಒಲೆಗೆ, ಪಕ್ಕದಲ್ಲಿ ಉದ್ದನೆ ಡಬ್ಬಿ ಕೂರಿಸುವ ಬ್ಯೂಟೇನ್ ಸ್ಟವ್ ನಿಮಗೆ ಸರಿ. ಒಂದು ಡಬ್ಬಿಯಲ್ಲಿ 220 ಗ್ರಾಂ ಆಸುಪಾಸು ಗ್ಯಾಸ್. ಜೋರು ಉರಿಯಲ್ಲಿ ಒಂದೂಕಾಲು, ಒಂದೂವರೆ ಗಂಟೆ. ಐದು ಜನಕ್ಕೆ ಒಂದು ರಾತ್ರಿಗೆ ಎರಡು ಡಬ್ಬಿ, ಜೊತೆಗೊಂದು ಹೆಚ್ಚುವರಿ. ಬೆಳಗಿನ ಚಳಿಗೆ ಉರಿ ಸಣ್ಣದಾಗುತ್ತದೆ, ಸ್ಟವ್ ಕೆಟ್ಟಿತು ಅಂತ ಗಾಬರಿ ಬೇಡ. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಗೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಗ್ಯಾಸ್ ಹೊರ ಬರುತ್ತಾ ಡಬ್ಬಿ ತಾನೇ ತಣ್ಣಗಾಗುತ್ತದೆ. ರಾತ್ರಿ ಡಬ್ಬಿಗೆ ಬಟ್ಟೆ ಸುತ್ತಿಟ್ಟು, ಬೆಳಿಗ್ಗೆ ಅಂಗೈಯಲ್ಲಿ ಉಜ್ಜಿ ಕೂರಿಸಿದರೆ ಸರಿಹೋಗುತ್ತದೆ. ಬಿಸಿ ನೀರಲ್ಲಿ, ಒಲೆ ಪಕ್ಕದಲ್ಲಿ ಕಾಯಿಸುವ ಸಾಹಸ ಬೇಡ.

ನಮ್ಮವರು ಮಾಡುವ ಒಂದು ಅಪಾಯದ ಕೆಲಸ ಹೇಳುತ್ತೇನೆ. ಅಕ್ಕಿ ರೊಟ್ಟಿಗೆ ಅಂತ ಮನೆಯ ದೊಡ್ಡ ಕಾವಲಿ ತರುತ್ತಾರೆ. ಅದು ಸ್ಟವ್ ಮೇಲೆ ಕೂತರೆ ಅಂಚು ಪಕ್ಕದ ಡಬ್ಬಿಯ ಮೇಲಕ್ಕೂ ಚಾಚುತ್ತದೆ. ಕಾವಲಿಯ ಬಿಸಿ ಕೆಳಗೆ ಡಬ್ಬಿಗೆ ಹೊಡೆಯುತ್ತದೆ. ಡಬ್ಬಿ ಸಿಡಿಯಬಹುದು. ಡಬ್ಬಿಯ ಭಾಗ ಮುಚ್ಚದಷ್ಟು ಚಿಕ್ಕ ಕಾವಲಿ ತನ್ನಿ, ರೊಟ್ಟಿ ಚಿಕ್ಕದಾದರೂ ಪರವಾಗಿಲ್ಲ. ಹೊಟ್ಟೆ ಒಂದೇ. ಗಾಳಿಗೆ ಮರೆ ಕಟ್ಟುವಾಗಲೂ ಸ್ಟವ್ ಸುತ್ತ ಪೂರ್ತಿ ತಗಡು ಸುತ್ತಬೇಡಿ, ಅದೇ ಕಾರಣಕ್ಕೆ.

ಇನ್ನೊಂದು ಮಾತು, ಇದನ್ನು ಅತ್ತೆಗೂ ಓದಿ ಹೇಳಿ. ಚಳಿ ಅಂತ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಟೆಂಟ್ ಒಳಗೋ ಕಾರಿನೊಳಗೋ ಇಡುವುದು ಸಾವನ್ನು ಕರೆದು ಕೂರಿಸಿದ ಹಾಗೆ. ಹಳೇ ಹೆಂಚಿನ ಮನೆಯಲ್ಲಿ ನಡೆಯುತ್ತಿತ್ತು, ಸಂದುಗಳಿಂದ ಗಾಳಿ ಆಡುತ್ತಿತ್ತು. ಟೆಂಟ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ವಾಸನೆ ಇಲ್ಲ, ಹೊಗೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಇಂಜಿನ್ ಓಡಿಸಿಕೊಂಡು ಕಾರಿನಲ್ಲಿ ಮಲಗುವುದೂ ಬೇಡ. ಬಿಸಿ ಬೇಕಾದರೆ ರಬ್ಬರ್ ಚೀಲಕ್ಕೆ ಬಿಸಿ ನೀರು ಹಾಕಿ ಹೊದಿಕೆಯೊಳಗೆ ಕಾಲ ಹತ್ತಿರ ಇಟ್ಟುಕೊಳ್ಳಿ.

ಬೆಳಕಿಗೆ ಜಾಸ್ತಿ ಯೋಚನೆ ಬೇಡ. ಒಬ್ಬೊಬ್ಬರಿಗೂ ತಲೆಗೆ ಕಟ್ಟುವ ಒಂದು ಟಾರ್ಚ್, ಊಟಕ್ಕೆ ಒಂದು ಹಳದಿ ಬೆಳಕಿನ ದೀಪ. ಬಿಳಿ ಬೆಳಕಿಗೆ ಹುಳ ಜಾಸ್ತಿ ಬರುತ್ತವೆ. 20,000 ಎಂಎಎಚ್ ಪವರ್ ಬ್ಯಾಂಕ್ ಒಂದು ಇದ್ದರೆ ಫೋನು, ದೀಪ ಎಲ್ಲಕ್ಕೂ ಆಗುತ್ತದೆ. ತೋಟದೊಳಗೆ ಸಿಗ್ನಲ್ ಸಿಗುತ್ತದೆ ಅಂತ ನಂಬಬೇಡಿ, ದಾರಿಯ ನಕ್ಷೆ ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ.

ಕಾರಿಗೆ ಏನು ಬೇಕು ಅಂತ ನೀವು ಕೇಳಲೇ ಇಲ್ಲ. ಹೆಚ್ಚಿನವರು ಕೇಳುವುದಿಲ್ಲ. ನಾನು ಕಲಿತದ್ದು ಹೀಗೆ. ಒಂದು ಏಪ್ರಿಲ್‌ನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಸಂಜೆ, ನನ್ನದೇ ಕಾರನ್ನು ಇಳಿಜಾರಿನ ಹುಲ್ಲಿನ ಮೇಲೆ ನಿಲ್ಲಿಸಿದ್ದೆ. ಬೆಳಿಗ್ಗೆ ತೆಗೆಯಲು ಹೋದರೆ ಚಕ್ರ ಗಿರಗಿರ ತಿರುಗಿ ಹಳ್ಳ ತೋಡಿಕೊಂಡಿತು. ಕಲ್ಲು ಹಾಕಿದೆ, ಸೊಪ್ಪು ಹಾಕಿದೆ, ಏನೂ ಆಗಲಿಲ್ಲ. ಕೊನೆಗೆ ಲೈನಿನ ಹುಡುಗನೊಬ್ಬ ಸುಮ್ನೆ ನಕ್ಕು, ಕಾಫಿ ತುಂಬುವ ಖಾಲಿ ಗೋಣಿಚೀಲ ನಾಲ್ಕು ತಂದು ಮುಂದಿನ ಚಕ್ರಗಳ ಅಡಿಗೆ ತುರುಕಿದ. ನಿಧಾನ ಕ್ಲಚ್ ಬಿಟ್ಟೆ, ಕಾರು ಎದ್ದು ಬಂತು. ಅವತ್ತಿಂದ ನನ್ನ ಸ್ಟೆಪ್ನಿ ಮೇಲೆ ಯಾವಾಗಲೂ ನಾಲ್ಕು ಗೋಣಿ ಇರುತ್ತವೆ. ಸಾವಿರಾರು ರೂಪಾಯಿಯ ಪ್ಲಾಸ್ಟಿಕ್ ಹಲಗೆಗಳೂ ಇದನ್ನೇ ಮಾಡುವುದು.

ನಿಮ್ಮದೂ ಮುಂದಿನ ಚಕ್ರ ಎಳೆಯುವ ಗಾಡಿ. ಹಸಿ ಏರಿನಲ್ಲಿ ಮುಂದಕ್ಕೆ ಹತ್ತಿದರೆ ಭಾರ ಹಿಂದಕ್ಕೆ ಜಾರಿ ಮುಂದಿನ ಚಕ್ರ ಹಗುರಾಗುತ್ತದೆ, ಹಿಡಿತ ತಪ್ಪುತ್ತದೆ. ಹತ್ತದಿದ್ದರೆ ಜಾಗ ಇರುವ ಕಡೆ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸಿ ನೋಡಿ. ಎಷ್ಟೋ ಸಲ ಹತ್ತುತ್ತದೆ. ಜಾಕ್ ಕೆಳಗೆ ಇಡಲು ಒಂದಡಿ ಚೌಕದ ದಪ್ಪ ಹಲಗೆ ತುಂಡು ಇರಲಿ. ಇಲ್ಲದಿದ್ದರೆ ಮೆತ್ತನೆ ಮಣ್ಣಿನಲ್ಲಿ ಕಾರು ಮೇಲೇಳುವ ಬದಲು ಜಾಕ್ ಕೆಳಗಿಳಿಯುತ್ತದೆ. 12 ವೋಲ್ಟ್‌ನ ಸಣ್ಣ ಗಾಳಿ ಪಂಪು, ಎಳೆಯುವ ಹಗ್ಗ, ಅದನ್ನು ಸಿಕ್ಕಿಸುವ ತಿರುಪಿನ ಕೊಂಡಿ. ಕೊಂಡಿ ಕಾರಿನ ಜೊತೆಗೇ ಬಂದಿರುತ್ತದೆ, ಎಲ್ಲಿದೆ ಅಂತ ಈಗಲೇ ಹುಡುಕಿ. ಹಗ್ಗವನ್ನು ಬಂಪರಿಗೆ ಕಟ್ಟಿ ಎಳೆದರೆ ಕಾರು ಅಲ್ಲೇ ಇರುತ್ತದೆ, ಬಂಪರ್ ಮಾತ್ರ ಬರುತ್ತದೆ.

ಐದು ಜನ ಕೂತ ಮೇಲೆ ಉಳಿಯುವುದು ಡಿಕ್ಕಿ ಒಂದೇ. ಅದಕ್ಕೆ ಮೇಜು, ದೊಡ್ಡ ಕುರ್ಚಿ, ಐದು ಕೆಜಿ ಸಿಲಿಂಡರ್ ಎಲ್ಲ ಪಟ್ಟಿಯಿಂದ ತೆಗೆಯಿರಿ. ಅತ್ತೆಗೆ ಮಾತ್ರ ಮಡಚುವ ಕುರ್ಚಿ ಒಂದು ಇರಲಿ, ಸೀಟು ಮಂಡಿ ಎತ್ತರದ್ದು. ತಗ್ಗಿನ ಕುರ್ಚಿ ಫೋಟೋದಲ್ಲಿ ಚಂದ, ಏಳುವಾಗ ಇಬ್ಬರು ಕೈ ಹಿಡಿಯಬೇಕು. ನಿಜ ಹೇಳಲಾ? ಹೋಂಸ್ಟೇ ಇರುವ ತೋಟ ನೋಡಿ, ಅತ್ತೆಗೆ ಒಂದು ರೂಮು ಹಿಡಿಯಿರಿ, ನೀವು ಅಂಗಳದಲ್ಲಿ ಟೆಂಟ್ ಹಾಕಿ. ಶೌಚಾಲಯದ ತಾಪತ್ರಯ ತಪ್ಪುತ್ತದೆ, ಮಕ್ಕಳಿಗೆ ಜ್ವರ ಬಂದರೆ ಓಡಲು ಒಂದು ಬಾಗಿಲು ಇರುತ್ತದೆ. ಅತ್ತೆ 'ನನಗೂ ಟೆಂಟೇ ಬೇಕು' ಅಂದರೆ ಅದು ಬೇರೆ ವಿಷಯ. ಆಗ ಫೋಮ್ ಎರಡು ಪದರ ಹಾಕಿ, ಬಾಗಿಲ ಪಕ್ಕದ ಜಾಗ ಅವರಿಗೆ ಬಿಡಿ.

ದುಡ್ಡನ್ನು ನಾನಾದರೆ ಹೀಗೆ ಹಂಚುತ್ತೇನೆ: ಅರ್ಧ ಟೆಂಟ್‌ಗೆ, ಕಾಲು ಭಾಗಕ್ಕಿಂತ ಹೆಚ್ಚು ಹಾಸಿಗೆ ಹೊದಿಕೆಗೆ, ಉಳಿದದ್ದರಲ್ಲಿ ಟಾರ್ಪಾಲ್, ಸ್ಟವ್, ಟಾರ್ಚ್.

ಮಳೆಗಾಲದ ಪ್ರಶ್ನೆಗೆ ಉತ್ತರ ಚಿಕ್ಕದು. ಬೇಡ. ಜಿಗಣೆಗೆ ಉದ್ದ ಕಾಲುಚೀಲ ಇದೆ, ಮಳೆಗೆ ದಪ್ಪ ಹಾಳೆ ಇದೆ. ಗುಡ್ಡ ಜಾರಿದರೆ ಏನಿದೆ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ನಮ್ಮ ಮಾದಾಪುರದ ಸುತ್ತಮುತ್ತ ಆದದ್ದು ನಿಮಗೆ ಗೊತ್ತೇ ಇದೆ. ಕುಶಾಲನಗರದ ಎಷ್ಟೋ ಮನೆಗಳಿಗೆ ನೀರು ನುಗ್ಗಿತ್ತು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿಯಿತು, ಅದೂ ಆಗಸ್ಟ್‌ನಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಯಾರಿಗೂ ಜಾಗ ಕೊಡುವುದಿಲ್ಲ. ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ಇಲ್ಲ.

ಆ ನಾಲ್ಕು ತಿಂಗಳು ನಿಮ್ಮ ಟೆಂಟ್ ಎಲ್ಲಿರುತ್ತದೆ ಅನ್ನುವುದೂ ಮುಖ್ಯ. ಬಂದ ದಿನವೇ, ಒಣಗಿದೆ ಅನಿಸಿದರೂ, ಮಹಡಿ ಮೇಲೆ ಹಗ್ಗಕ್ಕೆ ಹಾಕಿ ಒಣಗಿಸಿ. ತೇವದಲ್ಲೇ ಮಡಚಿಟ್ಟರೆ ಎರಡೇ ದಿನಕ್ಕೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಒಳಗಿನ ನೀರು ತಡೆಯುವ ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ, ಆಮೇಲೆ ಅದನ್ನು ರಿಪೇರಿ ಮಾಡಲು ಆಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ಅದರ ಬಿಗಿ ಚೀಲದಿಂದ ತೆಗೆದು, ಹಳೇ ದಿಂಬಿನ ಕವರಿನಲ್ಲಿ ಸಡಿಲವಾಗಿ ಹಾಕಿ, ಅಟ್ಟದಲ್ಲಿ ಇಡಿ. ಮಧ್ಯೆ ಎರಡು ದಿನ ಬಿಸಿಲು ಬಂದರೆ ಒಮ್ಮೆ ಹೊರಗೆ ಹಾಕಿ ತೆಗೆಯಿರಿ. ಮತ್ತೆ, ಕೊಂಡ ತಕ್ಷಣ ಒಂದು ರಾತ್ರಿ ನಿಮ್ಮ ಮನೆಯ ಅಂಗಳದಲ್ಲೇ ಕಟ್ಟಿ ಮಲಗಿ ನೋಡಿ. ಕಿಟಕಿ ಎರಡೂ ಒಂದು ಗೇಣು ತೆರೆದಿರಲಿ. ಬೆಳಿಗ್ಗೆ ದಿಂಬು ಮುಟ್ಟಿ ನೋಡಿ, ಆಮೇಲೆ ನಮ್ಮ ತೋಟಕ್ಕೆ ಬನ್ನಿ. ಬರುವಾಗ ನಾಲ್ಕು ಗೋಣಿ ಮರೆಯಬೇಡಿ. ಕುಯ್ಲಿನ ಸಮಯದಲ್ಲಿ ನಮ್ಮ ಹತ್ತಿರ ಖಾಲಿ ಇರುವುದಿಲ್ಲ.